ಕಿವಿಯೊಳಗಿನ ಮೊರೆತ: ಅರಿತು ಬಾಳುವ ಬಗೆ

ಹೊರಗೆ ಯಾವ ಶಬ್ದವೂ ಇಲ್ಲದಿರುವಾಗ ಕಿವಿಯೊಳಗೆ ಜೀರುಂಡೆಯ ಕೂಗು, ಗಂಟೆಯ ಅನುರಣನ, ಹಬೆಯ ಸುಯ್ಲು ಅಥವಾ ದೂರದ ಯಂತ್ರದ ಗುಂಯ್‌ಗುಟ್ಟುವಿಕೆ ಕೇಳಿಬರುವುದನ್ನು ಕಿವಿಮೊರೆತ ಎನ್ನುತ್ತೇವೆ. ವೈದ್ಯರು ಇದನ್ನು ಟಿನ್ನಿಟಸ್ ಎಂದು ಕರೆಯುತ್ತಾರೆ. ಪಕ್ಕದಲ್ಲಿ ಕುಳಿತವರಿಗೆ ಅದು ಕೇಳಿಸದು. ಆದ್ದರಿಂದ ಅನುಭವಿಸುವವರ ಮಾತನ್ನು ಮನೆಯವರೂ ಅನೇಕ ವೇಳೆ ನಂಬುವುದಿಲ್ಲ. ಈ ಒಂಟಿತನವೇ ಮೊರೆತಕ್ಕಿಂತ ಹೆಚ್ಚಿನ ನೋವಾಗುವುದುಂಟು.

ಇದು ಇಂದಿನ ಕಾಲದ ಹೊಸ ಕಾಯಿಲೆಯೇನೂ ಅಲ್ಲ. ಸುಶ್ರುತ ಸಂಹಿತೆಯು ಎಣಿಸಿರುವ 28 ಕರ್ಣರೋಗಗಳಲ್ಲಿ ಕರ್ಣನಾದ ಮತ್ತು ಕರ್ಣಕ್ಷ್ವೇಡಗಳೆರಡೂ ಸೇರಿವೆ. ಭೇರಿ, ಮೃದಂಗ, ಶಂಖಗಳಂತಹ ಧ್ವನಿ ಮೊದಲನೆಯದರ ಲಕ್ಷಣ. ಕೊಳಲಿನಂತಹ ಧ್ವನಿ ಎರಡನೆಯದರದು. ಪಾಶ್ಚಾತ್ಯ ಸಂಗೀತದ ಮಹಾಪುರುಷ ಬೇಥೋವನ್ 1801ರಲ್ಲಿ ತನ್ನ ವೈದ್ಯಮಿತ್ರನಿಗೆ ಬರೆದ ಪತ್ರದಲ್ಲಿ, ಕಿವಿಗಳು ಹಗಲಿರುಳೂ ಮೊರೆಯುತ್ತಿವೆಯೆಂದು ತೋಡಿಕೊಂಡಿದ್ದಾನೆ.

ಮೊರೆತ ಹುಟ್ಟುವ ಬಗೆ

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಅಲೆಗಳು ತಾಗಿದಾಗ ಇವು ಮಿಡಿದು, ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮುಪ್ಪಿನಿಂದಲೋ ಅತಿಯಾದ ಸದ್ದಿನಿಂದಲೋ ಇವು ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆಗ ಕಿವಿಯಿಂದ ಬರುವ ಸುದ್ದಿ ಕಡಿಮೆಯಾಗುತ್ತದೆ. ಕೊರತೆಯನ್ನು ತುಂಬಿಕೊಳ್ಳಲು ಮಿದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ. ನಿಲಯ ಸರಿಯಾಗಿ ಸಿಗದಾಗ ರೇಡಿಯೋದ ದನಿಯನ್ನು ಹೆಚ್ಚಿಸಿದರೆ ಗೊರಗೊರ ಸದ್ದೇ ದೊಡ್ಡದಾಗಿ ಕೇಳುವಂತೆ, ನರಮಂಡಲದ ಸಹಜ ಚಟುವಟಿಕೆಯೇ ಮೊರೆತವಾಗಿ ಕೇಳತೊಡಗುತ್ತದೆ. ಬಹುಪಾಲು ರೋಗಿಗಳಲ್ಲಿ ನಡೆಯುವುದು ಹೀಗೆಯೇ ಎಂಬುದು ತಜ್ಞರ ತಿಳಿವಳಿಕೆ.

1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಅಮೆರಿಕದ ಸಂಶೋಧಕರು, ಕಿವಿ ಚೆನ್ನಾಗಿ ಕೇಳುವ 80 ಮಂದಿಯನ್ನು ಶಬ್ದ ಸುಳಿಯದ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ಶೇಕಡಾ 94 ಮಂದಿಗೆ ಯಾವುದಾದರೊಂದು ಸದ್ದು ಕೇಳಿಸಿತು. ಪೂರ್ಣ ನಿಶ್ಶಬ್ದದಲ್ಲಿ ಒಳದನಿ ಕೇಳುವುದು ಅಸಹಜವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟಲಿಂಗ ಪೂಜೆಗೆ ಕುಳಿತಾಗ ಮೊರೆತ ಎದ್ದು ಕೇಳುತ್ತದೆಂದು ಕಳವಳಪಡುವ ಭಕ್ತರು ಇದನ್ನು ಗಮನಿಸಬೇಕು. ಕೆಲವರು ಅದನ್ನು ಯೋಗಶಾಸ್ತ್ರವು ಹೇಳುವ ಅನಾಹತನಾದವೆಂದು ಭಾವಿಸಿ ಪರೀಕ್ಷೆಗೇ ಹೋಗುವುದಿಲ್ಲ; ಮತ್ತೆ ಕೆಲವರು ಏನೋ ದೋಷವೆಂದು ಅಂಜುತ್ತಾರೆ. ಎರಡೂ ಬೇಡ. ಸಾಧನೆ ಸಾಧನೆಯಾಗಿ ಸಾಗಲಿ. ಕಿವಿಯನ್ನು ವೈದ್ಯರು ನೋಡಲಿ.

ನಮ್ಮ ಸೀಮೆಯ ಕಾರಣಗಳು

ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿರುವುದು, ಕಿವಿ ಸೋರುವುದು, ಏರಿದ ರಕ್ತದೊತ್ತಡ, ರಕ್ತಹೀನತೆ, ಥೈರಾಯ್ಡ್ ತೊಂದರೆ ಇವುಗಳಿಂದಲೂ ಮೊರೆತ ಬರಬಹುದು. ಇವುಗಳಿಗೆ ಚಿಕಿತ್ಸೆಯಿದೆ. ಹೆಚ್ಚು ಪ್ರಮಾಣದ ಆಸ್ಪಿರಿನ್, ಜೆಂಟಾಮೈಸಿನ್ ಮತ್ತು ಅಮಿಕಾಸಿನ್ ಚುಚ್ಚುಮದ್ದು, ಕ್ವಿನೈನ್ ಮೊದಲಾದ ಔಷಧಗಳೂ ಕಾರಣವಾಗಬಲ್ಲವು. ಆದರೆ ವೈದ್ಯರನ್ನು ಕೇಳದೆ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಯಗಟಿ, ಕಡೂರು, ಬೀರೂರು ಕಡೆಯ ರೈತಾಪಿ ಜನರಿಗೆ ದೊಡ್ಡ ಶತ್ರುವೆಂದರೆ ಸದ್ದು. ರಾಗಿ ಒಕ್ಕುವ ಯಂತ್ರ, ಟ್ರ್ಯಾಕ್ಟರು, ಕೊಳವೆಬಾವಿ ಕೊರೆಯುವ ಲಾರಿ, ಹಿಟ್ಟಿನ ಗಿರಣಿ, ಜಾತ್ರೆಯ ಧ್ವನಿವರ್ಧಕ ಮತ್ತು ಪಟಾಕಿ ಇವೆಲ್ಲ ಕಿವಿಯನ್ನು ಸವೆಸುತ್ತವೆ. ದಿನಕ್ಕೆ 8 ಗಂಟೆ ಕೆಲಸ ಮಾಡುವವರಿಗೆ 85 ಡೆಸಿಬಲ್ ಎಚ್ಚರಿಕೆಯ ಗೆರೆ. ಒಂದು ತೋಳಿನ ಅಂತರದಲ್ಲಿ ನಿಂತವರೊಡನೆ ಕೂಗಿ ಮಾತನಾಡಬೇಕಾದರೆ ಆ ಗೆರೆ ದಾಟಿದೆಯೆಂದೇ ಎಣಿಸಬಹುದು. ಅಂಥಲ್ಲಿ ದುಡಿಯುವವರು ಔಷಧದಂಗಡಿಯಲ್ಲಿ ಕಡಿಮೆ ಬೆಲೆಗೆ ದೊರೆಯುವ ಕಿವಿಬೆಣೆಯನ್ನು ಧರಿಸಬೇಕು. ಬರಿಯ ಹತ್ತಿ ತುರುಕಿಕೊಂಡರೆ ಸಾಲದು.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು

ಒಂದೇ ಕಿವಿಯಲ್ಲಿ ಮೊರೆತ, ನಾಡಿಯೊಡನೆ ತಾಳ ಹಾಕುವ ಸದ್ದು, ತಲೆಸುತ್ತು, ಕಿವಿ ಸೋರಿಕೆ, ಮುಖದ ಒಂದು ಪಾರ್ಶ್ವದ ನಿಶ್ಶಕ್ತಿ, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದ ಮೊರೆತ: ಇವಿದ್ದರೆ ಮೊದಲು ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎರಡು ಮೂರು ದಿನಗಳೊಳಗೆ ಒಂದು ಕಿವಿಯ ಕೇಳ್ಮೆ ಇದ್ದಕ್ಕಿದ್ದಂತೆ ಕುಸಿದರೆ ಅದು ತುರ್ತುಸ್ಥಿತಿ. ಮೊದಲ ಎರಡು ವಾರಗಳೊಳಗೆ, ಸಾಧ್ಯವಾದರೆ ಅದೇ ದಿನ, ಚಿಕಿತ್ಸೆ ಆರಂಭವಾದಲ್ಲಿ ಕೇಳ್ಮೆ ಮರಳುವ ಅವಕಾಶ ಹೆಚ್ಚು. ನೆಗಡಿಯಿಂದ ಕಟ್ಟಿದೆ, ತಾನೇ ಬಿಡುತ್ತದೆ ಎಂದು ಕಾದವರು ಆ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಪರೀಕ್ಷೆಗೆ ಕಡೂರಿನ ತಾಲ್ಲೂಕು ಆಸ್ಪತ್ರೆಯಿಂದ ಆರಂಭಿಸಬಹುದು. ಹೆಚ್ಚಿನ ಪರೀಕ್ಷೆಗೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಸೇವೆ ಸಲ್ಲಿಸುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿಷಯದಲ್ಲಿ ನಾಡಿನ ಹೆಮ್ಮೆಯ ಕೇಂದ್ರ.

ಉಪಶಮನದ ದಾರಿಗಳು

ದೀರ್ಘಕಾಲದ ಮೊರೆತವನ್ನು ಬೇರುಸಹಿತ ಕೀಳುವ ಮಾತ್ರೆ ಇನ್ನೂ ದೊರೆತಿಲ್ಲ. 2014ರಲ್ಲಿ ಅಮೆರಿಕದ ಕಿವಿತಜ್ಞರ ಅಕಾಡೆಮಿ ಹೊರಡಿಸಿದ ಮಾರ್ಗಸೂಚಿಯು ಗಿಂಕ್ಗೊ, ಸತು ಮೊದಲಾದ ಪೂರಕಗಳನ್ನು ಇದಕ್ಕಾಗಿ ಕೊಡಬಾರದೆಂದೇ ಹೇಳಿದೆ. ಹದಿನೈದು ದಿನದಲ್ಲಿ ಖಚಿತವಾಗಿ ಗುಣ ಎಂಬ ಜಾಹೀರಾತಿಗೆ ಕೊಬ್ಬರಿ ಮಾರಿದ ಹಣವನ್ನು ಸುರಿಯಬಾರದು. ಕಾದ ಎಣ್ಣೆ, ಸೊಪ್ಪಿನ ರಸ, ಹೇರ್‌ಪಿನ್, ಬೆಂಕಿಕಡ್ಡಿ ಇವು ಕಿವಿಗೆ ಬೇಡ; ತಮಟೆ ತೂತಾಗಿದ್ದರೆ ಅಪಾಯ ಇಮ್ಮಡಿಯಾಗುತ್ತದೆ.

ಹಾಗೆಂದು ನಿರಾಶರಾಗಬೇಕಿಲ್ಲ. ಮೊದಲನೆಯದಾಗಿ, ಕೇಳ್ಮೆ ಕುಗ್ಗಿದ್ದರೆ ಶ್ರವಣಸಾಧನ ಧರಿಸುವುದು. ಹೊರಗಿನ ಸದ್ದು ಮಿದುಳಿಗೆ ತಲುಪತೊಡಗಿದಾಗ ಅನೇಕರಲ್ಲಿ ಒಳಗಿನ ಸದ್ದು ಹಿಂದೆ ಸರಿಯುತ್ತದೆ. ಕನ್ನಡಕಕ್ಕಿಲ್ಲದ ನಾಚಿಕೆ ಇದಕ್ಕೇಕೆ? ಅರ್ಹರಿಗೆ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ ಸಾಧನ ದೊರೆಯುತ್ತದೆ.

ಎರಡನೆಯದು, ಪೂರ್ಣ ಮೌನವನ್ನು ತಪ್ಪಿಸುವುದು. ಮಲಗುವಾಗ ಫ್ಯಾನಿನ ಸದ್ದಾಗಲಿ, ಸಣ್ಣ ದನಿಯ ಆಕಾಶವಾಣಿಯಾಗಲಿ ಇರಲಿ. ಮೊರೆತವನ್ನು ಮುಳುಗಿಸುವಷ್ಟು ಗಟ್ಟಿಯಾಗಿ ಬೇಡ. ಅದಕ್ಕಿಂತ ತುಸು ಕೆಳಗಿದ್ದರೆ ಮಿದುಳು ಎರಡನ್ನೂ ಕೇಳುತ್ತ ಒಂದನ್ನು ಕಡೆಗಣಿಸಲು ಕಲಿಯುತ್ತದೆ. ಕಾಫಿಯನ್ನು ಬಿಡಲೇಬೇಕೆಂಬ ನಿಯಮವಿಲ್ಲ. ನಿದ್ರೆ ಕೆಡಿಸುವ ಸಂಜೆಯ ಲೋಟ ಬಿಟ್ಟರೆ ಸಾಕು.

ಮೂರನೆಯದು, ಮನಸ್ಸಿನ ಚಿಕಿತ್ಸೆ. ಮೊರೆತದಿಂದಾಗುವ ಬಳಲಿಕೆಯನ್ನು ತಗ್ಗಿಸುವುದರಲ್ಲಿ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತುಕತೆಯ ಚಿಕಿತ್ಸೆಗೆ ಹೆಚ್ಚು ಆಧಾರವಿದೆ. "ಇದು ನನ್ನನ್ನು ಹುಚ್ಚನನ್ನಾಗಿಸುತ್ತದೆ" ಎಂದು ಅಂಜಿದರೆ ಮಿದುಳು ಆ ಸದ್ದನ್ನು ಕಾವಲುಗಾರನಂತೆ ಕಾಯುತ್ತದೆ. "ಇದು ಅಪಾಯವಲ್ಲ" ಎಂದು ಮನಗಂಡರೆ ಕಾವಲು ಸಡಿಲವಾಗುತ್ತದೆ. ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿಯ ಸದ್ದು ಕೇಳಿಸದಂತಾಗುವುದು ಹೀಗೆಯೇ. ಇದಕ್ಕೆ ತಿಂಗಳುಗಳೇ ಬೇಕಾಗಬಹುದು.

ನಿದ್ರೆಗೆಟ್ಟು ಬದುಕೇ ಬೇಡವೆನಿಸುವವರು ಆ ಮಾತನ್ನು ಮನೆಯವರಲ್ಲಿ ಹೇಳಿಕೊಳ್ಳಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರಿಗೂ ಒಂದು ವಿನಂತಿ. ಹಿರಿಯರು "ಕಿವಿ ಮೊರೆಯುತ್ತಿದೆ" ಎಂದಾಗ ಭ್ರಮೆಯೆಂದು ನಗಬೇಡಿ. ಎದುರಿಗೆ ಕುಳಿತು, ಮುಖ ನೋಡಿ, ನಿಧಾನವಾಗಿ ಮಾತನಾಡಿಸಿ. ಒಮ್ಮೆ ಶ್ರವಣ ಪರೀಕ್ಷೆಗೆ ಕರೆದೊಯ್ಯಿರಿ. ನಮಗೆ ಕೇಳಿಸದ ನೋವನ್ನೂ ನಂಬುವುದು ದಯೆಯ ಮೊದಲ ಮೆಟ್ಟಿಲು.