ಗಣಕಯಂತ್ರದ ಸ್ಮೃತಿಯಲ್ಲಿ ಕಾಲನಿಯಮ

ಛಂದಶ್ಶಾಸ್ತ್ರವನ್ನು ಅಭ್ಯಸಿಸಿದವರಿಗೆ ಮಾತ್ರೆಯೆಂಬುದು ಕಾಲದ ಅಳತೆಯೆಂಬುದು ವಿದಿತವೇ ಆಗಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅಕ್ಷರಗಳು ಶುದ್ಧವಾಗಿದ್ದರೂ ಕಾಲ ತಪ್ಪಿದರೆ ಪದ್ಯವು ಕೆಡುತ್ತದೆ. ಗಣಕಯಂತ್ರದಲ್ಲಿ ಮೆಮೊರಿ ಎಂದು ಕರೆಯಲ್ಪಡುವ ಸ್ಮೃತಿಕೋಶವೂ ಇಂತಹುದೇ ಒಂದು ಕಾಲನಿಯಮಕ್ಕೆ ಒಳಪಟ್ಟಿದೆ. ಆ ನಿಯಮವನ್ನು ಯಂತ್ರವು ಹೇಗೆ ಪಾಲಿಸುತ್ತದೆ ಎಂಬುದನ್ನು, ವಿಜ್ಞಾನದ ವಿಶೇಷ ಪರಿಚಯವಿಲ್ಲದ ವಾಚಕರಿಗೂ ತಿಳಿಯುವಂತೆ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಯಂತ್ರದೊಳಗಿನ ಸಮಸ್ತ ಮಾಹಿತಿಯೂ ಸೊನ್ನೆ ಮತ್ತು ಒಂದು ಎಂಬ ಎರಡೇ ಚಿಹ್ನೆಗಳಿಂದ ರಚಿತವಾದುದು. ಇಂತಹ ಒಂದೊಂದು ಚಿಹ್ನೆಗೂ ಬಿಟ್ ಎಂದು ಹೆಸರು. ತಂತಿಯಲ್ಲಿ ವೋಲ್ಟೇಜ್ ಏರಿದ್ದರೆ ಒಂದು, ಇಳಿದಿದ್ದರೆ ಸೊನ್ನೆ. ಸ್ವೀಕರಿಸುವ ಭಾಗವು ತಂತಿಯನ್ನು ನಿಯತವಾದ ಒಂದು ಕ್ಷಣದಲ್ಲಿ ಮಾತ್ರ ನೋಡಿ ನಿರ್ಣಯಿಸುತ್ತದೆ. ಆ ಕ್ಷಣಕ್ಕೆ ತುಸು ಮೊದಲೂ ತುಸು ಅನಂತರವೂ ಬಿಟ್ ಸ್ಥಿರವಾಗಿ ನಿಂತಿರಬೇಕು. ಬದಲಾಗುತ್ತಿರುವಾಗ ನೋಡಿದರೆ ನಿರ್ಣಯ ತಪ್ಪಬಹುದು. ಈ ತಪ್ಪನ್ನು ಅಲ್ಪವೆಂದು ಭಾವಿಸಲಾಗದು. ೩೫ ಎಂಬ ಸಂಖ್ಯೆಯು ಯಂತ್ರದಲ್ಲಿ ೩೨, ೨ ಮತ್ತು ೧ ಇವುಗಳ ಮೊತ್ತವಾಗಿ ಬರೆಯಲ್ಪಡುತ್ತದೆ. ೬೪ನ್ನು ಸೂಚಿಸುವ ಸ್ಥಾನದಲ್ಲಿರುವ ಸೊನ್ನೆಯನ್ನು ಒಂದೆಂದು ಓದಿದರೆ ಅದೇ ಸಂಖ್ಯೆಯು ೯೯ ಆಗುತ್ತದೆ. ಅಂಕಪಟ್ಟಿಯಲ್ಲಿ ಇಂತಹ ವ್ಯತ್ಯಾಸದ ಪರಿಣಾಮವೇನೆಂಬುದನ್ನು ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ.

ಹಿಂದಿನ ಸ್ಮೃತಿಕೋಶಗಳು ಕ್ಲಾಕ್ ಎಂಬ ಕಾಲಸಂಕೇತದ ಒಂದೊಂದು ಆವರ್ತಕ್ಕೆ ಪ್ರತಿ ತಂತಿಯಲ್ಲಿಯೂ ಒಂದೊಂದು ಬಿಟ್ ಕಳುಹಿಸುತ್ತಿದ್ದವು. ಜೆಡೆಕ್ ಎಂಬ ಸಂಸ್ಥೆಯು ೨೦೦೦ದಲ್ಲಿ ಪ್ರಕಟಿಸಿದ ಡಿಡಿಆರ್ ಮಾನಕದಂತೆ, ಸಂಕೇತದ ಏರಿಕೆಗೊಂದು ಇಳಿಕೆಗೊಂದು, ಹೀಗೆ ಎರಡು ಬಿಟ್‌ಗಳು ಸಾಗುತ್ತವೆ. ಆ ಪೀಳಿಗೆಯ ಡಿಡಿಆರ್-೪೦೦ ವರ್ಗದಲ್ಲಿ ಒಂದು ಬಿಟ್‌ಗೆ ದೊರೆಯುವ ಕಾಲ ೨೫೦೦ ಪಿಕೊಸೆಕೆಂಡ್. ಸೆಕೆಂಡಿನ ಲಕ್ಷಕೋಟಿಯ ಒಂದು ಅಂಶವೇ ಪಿಕೊಸೆಕೆಂಡ್. ೨೦೨೦ರಲ್ಲಿ ಮಾನಕ ಪ್ರಕಟವಾದ ಡಿಡಿಆರ್೫ ಪೀಳಿಗೆಯ ೬೪೦೦ ವರ್ಗದಲ್ಲಿ ಆ ಕಾಲ ಸುಮಾರು ೧೫೬ ಮಾತ್ರ. ವಿದ್ಯುತ್ ಸಂಕೇತವು ಸರ್ಕ್ಯೂಟ್ ಬೋರ್ಡಿನ ಮೇಲೆ ಸಾವಿರ ಪಿಕೊಸೆಕೆಂಡಿನಲ್ಲಿ ಸುಮಾರು ೧೫ ಸೆಂಟಿಮೀಟರ್ ಸಾಗುತ್ತದೆ. ಆದುದರಿಂದ ಎರಡು ತಂತಿಗಳ ಉದ್ದದಲ್ಲಿ ಸುಮಾರು ಎರಡೂಕಾಲು ಸೆಂಟಿಮೀಟರಿನ ಅಂತರವಿದ್ದರೆ ಸಾಕು, ಒಂದು ಬಿಟ್ ಬರಬೇಕಾದ ವೇಳೆಗೆ ಮತ್ತೊಂದು ಬಂದಿರುತ್ತದೆ.

ಈ ತೊಡಕಿಗೆ ನಾಲ್ಕು ಉಪಾಯಗಳನ್ನು ಮುಖ್ಯವಾಗಿ ಹೇಳಬಹುದು.

ಮೊದಲನೆಯದು ಸ್ಟ್ರೋಬ್. ಸಾಮಾನ್ಯವಾಗಿ ಎಂಟು ದತ್ತಾಂಶದ ತಂತಿಗಳಿಗೆ ಒಂದರಂತೆ ಒಂದು ಕಾಲಸೂಚಕ ಸಂಕೇತವು ಅವುಗಳೊಡನೆಯೇ ಪ್ರಯಾಣ ಮಾಡುತ್ತದೆ. ತಾಳ ಹಿಡಿದವನು ದೂರದಲ್ಲಿ ಕುಳಿತಿರದೆ ಭಜನೆಯವರ ಜೊತೆಯಲ್ಲಿಯೇ ನಡೆದಂತೆ ಇದು. ಮಾರ್ಗದಲ್ಲಿ ವಿಳಂಬವಾದರೆ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿಯೇ ಆಗುತ್ತದೆ. ಓದುವಾಗ ಸ್ಮೃತಿಕೋಶವು ಸ್ಟ್ರೋಬನ್ನು ಬಿಟ್‌ಗಳ ಅಂಚಿಗೆ ಸರಿಹೊಂದಿಸಿ ಕಳುಹಿಸುತ್ತದೆ. ಸ್ವೀಕರಿಸುವ ಕಂಟ್ರೋಲರ್ ಅದನ್ನು ಕ್ಲಾಕಿನ ಆವರ್ತದ ಕಾಲುಭಾಗದಷ್ಟು, ಎಂದರೆ ಅರ್ಧ ಬಿಟ್‌ನಷ್ಟು, ತಡಮಾಡಿ ಬಿಟ್‌ನ ನಡುವಿಗೆ ತರುತ್ತದೆ.

ಎರಡನೆಯದು ಬರೆಯುವಾಗಿನ ಹೊಂದಾಣಿಕೆ. ೨೦೦೭ರಲ್ಲಿ ಮಾನಕ ಪ್ರಕಟವಾದ ಡಿಡಿಆರ್೩ರಿಂದ ಮೊದಲುಗೊಂಡು ಮೆಮೊರಿ ಪಟ್ಟಿಯ ಮೇಲೆ ಕ್ಲಾಕ್ ಸಂಕೇತವು ಒಂದು ಚಿಪ್ಪಿನಿಂದ ಮತ್ತೊಂದಕ್ಕೆ ಸಾಲಾಗಿ ಸಾಗುತ್ತದೆ. ಆದುದರಿಂದ ಪ್ರತಿಯೊಂದು ಚಿಪ್ಪಿಗೂ ಅದು ಬೇರೆಬೇರೆ ಕ್ಷಣದಲ್ಲಿ ತಲಪುತ್ತದೆ. ಕಂಟ್ರೋಲರ್ ಸ್ಟ್ರೋಬ್ ಕಳುಹಿಸುತ್ತದೆ. ಅದು ಬಂದ ಕ್ಷಣದಲ್ಲಿ ಕ್ಲಾಕ್ ಇಳಿದಿತ್ತೇ ಏರಿತ್ತೇ ಎಂಬುದನ್ನು ಚಿಪ್ಪು ಸೊನ್ನೆ ಅಥವಾ ಒಂದು ಎಂದು ತಿಳಿಸುತ್ತದೆ. ವಿಳಂಬವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋದಾಗ ಉತ್ತರವು ಸೊನ್ನೆಯಿಂದ ಒಂದಕ್ಕೆ ತಿರುಗುವ ಬಿಂದುವೇ ಎರಡೂ ಸಂಕೇತಗಳ ಏರಿಕೆ ಕೂಡುವ ಬಿಂದು.

ಮೂರನೆಯದು ಓದುವ ಶಿಕ್ಷಣ. ಎಂಜಿನಿಯರುಗಳು ಇದನ್ನು ಟ್ರೈನಿಂಗ್ ಎಂದೇ ಕರೆಯುತ್ತಾರೆ. ಕಂಟ್ರೋಲರಿಗೆ ಮುಂಚಿತವಾಗಿ ತಿಳಿದಿರುವ ಬಿಟ್‌ಗಳ ಸಾಲೊಂದನ್ನು ಸ್ಮೃತಿಕೋಶವು ಮತ್ತೆಮತ್ತೆ ಒಪ್ಪಿಸುತ್ತದೆ. ಕಂಟ್ರೋಲರ್ ನೋಡುವ ಕ್ಷಣವನ್ನು ಹಂತಹಂತವಾಗಿ ಸರಿಸುತ್ತ, ಎಲ್ಲಿಂದ ಎಲ್ಲಿಯವರೆಗೆ ಪಾಠ ಸರಿಯಾಗಿ ಬರುತ್ತದೆಂಬುದನ್ನು ಗುರುತಿಸುತ್ತದೆ. ನಲವತ್ತನೆಯ ಹಂತದಿಂದ ಅರವತ್ತನೆಯ ಹಂತದವರೆಗೆ ಸರಿಬಂದರೆ ಐವತ್ತನೆಯದರಲ್ಲಿ ನೆಲೆನಿಲ್ಲುತ್ತದೆ. ಸರಿಬಂದ ಮೊದಲ ಹಂತದಲ್ಲಿಯೇ ನಿಂತರೆ ಕೆಲಸ ನಡೆದೀತು. ಆದರೆ ಅಂಚಿನಲ್ಲಿ ನಿಂತದ್ದು ಅಲ್ಪ ಚಲನೆಗೂ ಜಾರುತ್ತದೆ.

ಆ ಚಲನೆಗೆ ಕಾರಣವಾಗುವುದು ತಾಪ ಮತ್ತು ವೋಲ್ಟೇಜಿನ ಏರಿಳಿತ. ಚಿಪ್ಪು ಬಿಸಿಯಾದಂತೆ ಅದರೊಳಗಿನ ವಿಳಂಬವೂ ಬದಲಾಗುವುದರಿಂದ, ಬೆಳಿಗ್ಗೆ ಕಂಡುಕೊಂಡ ನಡುಬಿಂದುವು ಮಧ್ಯಾಹ್ನ ನಡುವಾಗಿ ಉಳಿಯದಿರಬಹುದು. ನಾಲ್ಕನೆಯ ಉಪಾಯವು ಇದಕ್ಕಾಗಿ ಏರ್ಪಟ್ಟಿದೆ. ಡಿಡಿಆರ್೫ ಚಿಪ್ಪಿನೊಳಗೆ ಒಂದು ಸಣ್ಣ ಆಂದೋಲಕವಿದ್ದು, ನಿಯತಾವಧಿಯಲ್ಲಿ ಅದರ ಬಡಿತಗಳನ್ನು ಎಣಿಸಿದರೆ ಬರೆಯುವ ಮಾರ್ಗದ ವಿಳಂಬವು ಎಷ್ಟು ಬದಲಾಗಿದೆಯೆಂದು ಕಂಟ್ರೋಲರಿಗೆ ತಿಳಿಯುತ್ತದೆ. ಅದಕ್ಕನುಸಾರವಾಗಿ ತಿದ್ದುಪಡಿ ನಡೆಯುತ್ತದೆ.

ಈ ವಿಷಯವು ಗಣಕ ಕೊಠಡಿಯ ಮೇಲ್ವಿಚಾರಕರಿಗೆ ಪ್ರತ್ಯಕ್ಷವಾಗಿ ಉಪಯುಕ್ತವಾದುದು. ಡಿಡಿಆರ್೫ ಸ್ಮೃತಿಯುಳ್ಳ ಹೊಸ ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದಾಗ, ಅಥವಾ ಮೆಮೊರಿ ಬದಲಾಯಿಸಿದಾಗ, ಪರದೆಯು ಕೆಲವು ನಿಮಿಷಗಳವರೆಗೂ ಕಪ್ಪಾಗಿರಬಹುದು. ಯಂತ್ರ ಕೆಟ್ಟಿತೆಂದು ಅವಸರದಿಂದ ವಿದ್ಯುತ್ತನ್ನು ನಿಲ್ಲಿಸಬಾರದು. ಆ ಅವಧಿಯಲ್ಲಿ ಯಂತ್ರವು ಒಂದೊಂದು ತಂತಿಯ ಅಂಚುಗಳನ್ನು ಶೋಧಿಸುತ್ತಿರುತ್ತದೆ. ಆರಂಭದ ಈ ಶೋಧನೆ ಪೂರ್ಣಗೊಂಡರೆ ಮುಂದೆ ಸೆಕೆಂಡಿಗೆ ಕೋಟಿಕೋಟಿ ಬಿಟ್‌ಗಳನ್ನು ನಂಬಿಕೆಯಿಂದ ಓದಲು ಸಾಧ್ಯ.

ಸಾರಾಂಶವಿಷ್ಟು: ವೇಗ ಹೆಚ್ಚಿದಂತೆಲ್ಲ ಕಾಲವನ್ನು ಊಹಿಸಿ ನಿಶ್ಚಯಿಸಲಾಗದು. ತಪ್ಪು ಆರಂಭವಾಗುವ ಎರಡು ಅಂಚುಗಳನ್ನೂ ಪರೀಕ್ಷಿಸಿ ತಿಳಿದು, ನಡುವೆ ನಿಂತು, ಆ ನಡುವು ಸರಿಯಿತೇ ಎಂದು ಆಗಾಗ್ಗೆ ನೋಡಿಕೊಳ್ಳಬೇಕು. ಅಂಕಪಟ್ಟಿಯ ೩೫ನ್ನು ೩೫ ಆಗಿಯೇ ಉಳಿಸುವುದು ಈ ಎಚ್ಚರವೇ.