ತಿರುವಿನಲ್ಲಿ ಇಂಜಿನ್ ಆಯಿಲ್ ಎಲ್ಲಿಗೆ ಹೋಗುತ್ತದೆ?

ನಮ್ಮ ಅತ್ತಿಗುಂಡಿ ರಸ್ತೆಯಲ್ಲಿ ಜೀಪು ಹತ್ತಿದವರಿಗೆಲ್ಲ ಗೊತ್ತು, ಹೇರ್‌ಪಿನ್ ತಿರುವು ಬಂದಾಗ ಒಳಗೆ ಕುಳಿತವರು ಹೊರಬದಿಗೆ ವಾಲುತ್ತಾರೆ. ಇಂಜಿನ್ನಿನ ಆಯಿಲ್ ಕೂಡ ಹಾಗೆಯೇ ವಾಲುತ್ತದೆ. ಪ್ರಥಮ ಪಿಯುಸಿಯ ವೃತ್ತೀಯ ಚಲನೆಯ ಪಾಠ ನನಗೆ ಚೆನ್ನಾಗಿ ಅರ್ಥವಾದದ್ದು ಈ ಉದಾಹರಣೆಯಿಂದ.

ಆಯಿಲ್ ಇರುವುದು ಇಂಜಿನ್ನಿನ ತಳದ ಸಂಪಿನಲ್ಲಿ. ಪಂಪು ಅದನ್ನು ಕೊಳವೆಯಿಂದ ಹೀರಿ, ಫಿಲ್ಟರ್ ದಾಟಿಸಿ ಬೇರಿಂಗುಗಳಿಗೆ ಕಳಿಸುತ್ತದೆ. ಕ್ರ್ಯಾಂಕ್‌ಶಾಫ್ಟ್ ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ 100 ಸುತ್ತು. ಶಾಫ್ಟಿನ ವ್ಯಾಸ 5 ಸೆಂ.ಮೀ. ಇದ್ದರೆ ಅದರ ಮೇಲ್ಮೈಯ ವೇಗ ಸೆಕೆಂಡಿಗೆ ಸುಮಾರು 15.7 ಮೀಟರ್. ಎರಡೇ ಸೆಕೆಂಡು ಆಯಿಲ್ ತಪ್ಪಿದರೂ 200 ಸುತ್ತು ಲೋಹಕ್ಕೆ ಲೋಹ ಉಜ್ಜುವ ಅಪಾಯವಿದೆ.

ಈಗ ಲೆಕ್ಕ ನೋಡೋಣ. ತಿರುವಿನ ತ್ರಿಜ್ಯ 20 ಮೀಟರ್, ವೇಗ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ವೇಗೋತ್ಕರ್ಷ 5 ಮೀ/ಸೆ². ಇದನ್ನು ಗುರುತ್ವದ 9.8ರಿಂದ ಭಾಗಿಸಿದರೆ ಸುಮಾರು 0.5, ಇದು ವಾಲುವ ಕೋನದ ಟ್ಯಾಂಜೆಂಟ್. ಕೋನ ಸುಮಾರು 27 ಡಿಗ್ರಿ. ಸಂಪಿನ ಅಗಲ 30 ಸೆಂ.ಮೀ. ಇದ್ದರೆ ಆಯಿಲ್ ಹೊರ ಅಂಚಿನಲ್ಲಿ 7.5 ಸೆಂ.ಮೀ. ಏರಿ, ಒಳ ಅಂಚಿನಲ್ಲಿ ಅಷ್ಟೇ ಇಳಿಯುತ್ತದೆ. ಹೀರುವ ಕೊಳವೆ ಆ ಒಳ ಅಂಚಿನಲ್ಲಿದ್ದರೆ ಪಂಪು ಗಾಳಿಯನ್ನು ಹೀರುತ್ತದೆ.

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಗಳಲ್ಲಿ ನಡೆಯುವ ರ‍್ಯಾಲಿಯ ಕಾರುಗಳು ತಿರುವಿನ ಮೇಲೆ ತಿರುವು ದಾಟುತ್ತವೆ. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ಅವರೂ ಇಲ್ಲಿ ಓಡಿಸಿದ್ದಾರೆ. ಇಂಥ ಇಂಜಿನ್ನಿಗೆ ಆಯಿಲ್ ವ್ಯವಸ್ಥೆಯನ್ನು ಹೀಗೆ ಅಳವಡಿಸುತ್ತಾರೆ:

1. ಸಂಪಿನೊಳಗೆ ಅಡ್ಡತಗಡುಗಳನ್ನು ಬೆಸೆದು, ಒಮ್ಮುಖವಾಗಿ ತೆರೆಯುವ ಸಣ್ಣ ಬಾಗಿಲು ಇಡುತ್ತಾರೆ. ಆಯಿಲ್ ಕೊಳವೆಯ ಕಡೆಗೆ ಬರುತ್ತದೆ, ಹಿಂದಕ್ಕೆ ಹೋಗುವುದಿಲ್ಲ.

2. ಕೊಳವೆಯ ಬಾಯಿಗೂ ಸಂಪಿನ ತಳಕ್ಕೂ ಸುಮಾರು 6ರಿಂದ 10 ಮಿ.ಮೀ. ಅಂತರ ಬಿಡುತ್ತಾರೆ. ತಳಕ್ಕೆ ತೀರಾ ಅಂಟಿದರೆ ಹೀರಲಾಗದು, ಎತ್ತರವಾದರೆ ಗಾಳಿ ಸೇರುತ್ತದೆ.

3. ಒತ್ತಡಕ್ಕೆ ಮೆಕ್ಯಾನಿಕ್‌ಗಳ ಹಳೆಯ ಅಂದಾಜು: ಪ್ರತಿ 1000 ಸುತ್ತಿಗೆ 10 ಪಿಎಸ್‌ಐ. 6000ಕ್ಕೆ 60 ಪಿಎಸ್‌ಐ, ಅಂದರೆ ಸುಮಾರು 4 ಬಾರ್.

4. ಬಿಸಿಯಾದ ಆಯಿಲ್ ತೆಳುವಾಗುವುದರಿಂದ ಕೂಲರ್ ಬೇಕು.

5. ಹೊಸದಾಗಿ ಜೋಡಿಸಿದ ಪೆಟ್ರೋಲ್ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ತೆಗೆದು, ಗೇಜಿನಲ್ಲಿ ಒತ್ತಡ ಕಾಣುವವರೆಗೆ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡುತ್ತಾರೆ.

ಇನ್ನೂ ಕಠಿಣ ಓಟಕ್ಕೆ ಡ್ರೈ ಸಂಪ್ ಇದೆ. ಇಲ್ಲಿ ಹೆಚ್ಚುವರಿ ಪಂಪು ತಳದ ಆಯಿಲನ್ನು ಕೂಡಲೇ ಎತ್ತಿ, ಎತ್ತರವಾದ ಕಿರಿದಾದ ಟ್ಯಾಂಕಿಗೆ ಹಾಕುತ್ತದೆ. ಟ್ಯಾಂಕ್ ಕಿರಿದಾದಷ್ಟೂ ಏರಿಳಿತ ಕಡಿಮೆ. ತಳದ ಬಾಯಿ ಸದಾ ಮುಳುಗಿರುತ್ತದೆ.

ನಮ್ಮ ಮನೆಗಳ ಜೀಪುಗಳಿಗೆ ಇದೆಲ್ಲ ಬೇಡ. ಆದರೆ ಘಾಟಿ ಹತ್ತುವ ಮೊದಲು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ. ಕಡಿಮೆ ಇದ್ದರೆ ತಿರುವಿನಲ್ಲಿ ಪಂಪು ಖಾಲಿ ಹೀರುತ್ತದೆ. ಮಿತಿಗಿಂತ ಹೆಚ್ಚು ತುಂಬಿದರೆ ಕ್ರ್ಯಾಂಕ್ ಕಡೆದು ನೊರೆಯಾಗುತ್ತದೆ. ಆಯಿಲಿನ ಕೆಂಪು ದೀಪ ತಿರುವಿನಲ್ಲಿ ಮಿನುಗಿದರೂ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಪರೀಕ್ಷಿಸಿ. ಬಾಡಿಗೆ ಜೀಪಿನ ದುಡಿಮೆಯಲ್ಲೇ ಬದುಕುವ ಮನೆಗೆ ಇಂಜಿನ್ ಹೋದರೆ ಅನ್ನವೇ ಹೋದಂತೆ.

ಅಭ್ಯಾಸಕ್ಕೆ: ತ್ರಿಜ್ಯ 45 ಮೀಟರ್, ವೇಗ ಗಂಟೆಗೆ 54 ಕಿ.ಮೀ. ಆದರೆ ಆಯಿಲ್ ಎಷ್ಟು ಡಿಗ್ರಿ ವಾಲುತ್ತದೆ? ಲೆಕ್ಕ ಮಾಡಿ, ಮೇಲಿನ ಉತ್ತರದೊಂದಿಗೆ ಹೋಲಿಸಿ.