ಎಬಿಎ ಥೆರಪಿಸ್ಟ್ ಮತ್ತೆ ಮತ್ತೆ ತರಬೇತಿಗೆ ಹೋಗುವುದೇಕೆ?

ಪ್ರಶ್ನೆ: ನಮ್ಮ ಅಕ್ಕನ ಮಗನಿಗೆ ಐದು ವರ್ಷ. ಆಟಿಸಂ ಇದೆ ಎಂದಿದ್ದಾರೆ. ವಾರಕ್ಕೆ ಮೂರು ದಿನ ತುಮಕೂರಿನ ಒಂದು ಕೇಂದ್ರಕ್ಕೆ ‘ಎಬಿಎ’ ಥೆರಪಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿನ ಮೇಡಂ ಈಚೆಗೆ ರಜೆ ಹಾಕಿ ಬೆಂಗಳೂರಿಗೆ ತರಬೇತಿಗೆ ಹೋಗಿದ್ದರು. ಓದು ಮುಗಿಸಿ ಕೆಲಸಕ್ಕೆ ಸೇರಿದವರಿಗೆ ಮತ್ತೇನು ತರಬೇತಿ? ಈ ವಿದ್ಯೆಯಲ್ಲಿ ವರ್ಷ ವರ್ಷ ಬದಲಾಗುವಂಥದ್ದು ಏನಿದೆ? ಅವರ ಅರ್ಹತೆ ಏನೆಂದು ನಮ್ಮಂಥ ಹಳ್ಳಿಯವರು ತಿಳಿಯುವುದು ಹೇಗೆ?
— ಓದುಗರು, ಹುತ್ರಿದುರ್ಗ ಹೋಬಳಿ, ಕುಣಿಗಲ್ ತಾಲ್ಲೂಕು

ಉತ್ತರ: ಮೇಡಂ ತರಬೇತಿಗೆ ಹೋಗಿದ್ದಕ್ಕೆ ನಿಮ್ಮ ಅಕ್ಕ ಬೇಸರ ಮಾಡಿಕೊಳ್ಳುವುದು ಬೇಡ. ಕೆಲವು ದಿನದ ಥೆರಪಿ ತಪ್ಪಿದರೂ ಅದು ಮಗುವಿಗೆ ಒಳ್ಳೆಯದೇ. ಹದಿನೈದು ವರ್ಷದ ಹಿಂದೆ ಒಮ್ಮೆ ಕಲಿತು, ಅಲ್ಲಿಂದೀಚೆಗೆ ಏನನ್ನೂ ಓದದೆ ಅದನ್ನೇ ನಡೆಸಿಕೊಂಡು ಬರುತ್ತಿರುವವರ ಕೈಯಲ್ಲಿ ಮಗು ಇದ್ದಿದ್ದರೆ ಚಿಂತೆ ಮಾಡಬೇಕಿತ್ತು. ಈ ಕ್ಷೇತ್ರದ ಹಳೆಯ ಪಾಠಗಳಲ್ಲಿ ಕೆಲವನ್ನು ಈಗ ಅದೇ ಕ್ಷೇತ್ರದವರು ತಪ್ಪೆಂದು ಒಪ್ಪಿಕೊಂಡಿದ್ದಾರೆ.

ಎಬಿಎ ಎಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ (1904–1990) ಪ್ರಯೋಗಾಲಯದಲ್ಲಿ ಕಂಡುಕೊಂಡ ತತ್ವಗಳನ್ನು ಮನೆ, ಶಾಲೆ, ಆಸ್ಪತ್ರೆಗಳಲ್ಲಿ ಬಳಸುವ ವಿದ್ಯೆ ಇದು. ಅದಕ್ಕೆಂದೇ ಒಂದು ಸಂಶೋಧನಾ ಪತ್ರಿಕೆ 1968ರಲ್ಲಿ ಶುರುವಾಯಿತು. ಮೂಲ ತತ್ವ ಸರಳ: ಯಾವ ನಡವಳಿಕೆಯೂ ಸುಮ್ಮನೆ ಹುಟ್ಟುವುದಿಲ್ಲ, ಅದರಿಂದ ಏನು ಸಿಗುತ್ತದೆ ಎನ್ನುವುದರ ಮೇಲೆ ಅದು ಬೆಳೆಯುತ್ತದೆ ಇಲ್ಲವೇ ಕಡಿಮೆಯಾಗುತ್ತದೆ.

ನಿಮ್ಮ ಕಡೆಯ ಒಂದು ಮನೆಯನ್ನೇ ಊಹಿಸಿಕೊಳ್ಳೋಣ. ಸಂಜೆ ಹಾಲು ಕರೆದು, ಕ್ಯಾನ್ ಎತ್ತಿಕೊಂಡು ತಾಯಿ ಡೇರಿಗೆ ಹೊರಡುತ್ತಾಳೆ. ಮಾತು ಬಾರದ ಹುಡುಗ ಹೊಸ್ತಿಲ ಹತ್ತಿರ ಬಿದ್ದು ತಲೆ ಚಚ್ಚಿಕೊಳ್ಳುತ್ತಾನೆ. ಅಜ್ಜಿ ಗಾಬರಿಯಾಗಿ ಡಬ್ಬಿಯಿಂದ ಬಿಸ್ಕತ್ತು ತೆಗೆದು ಕೊಡುತ್ತಾರೆ. ಬಿಸ್ಕತ್ತಿಗಾಗಿ ಹಟ ಮಾಡುತ್ತಾನೆ ಎಂದು ಮನೆಯವರೆಲ್ಲ ತೀರ್ಮಾನಿಸಿರುತ್ತಾರೆ. ಒಳ್ಳೆಯ ಥೆರಪಿಸ್ಟ್ ಆ ತೀರ್ಮಾನವನ್ನು ಹಾಗೇ ಒಪ್ಪಿಕೊಳ್ಳುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿಸುತ್ತಾರೆ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಒಂದೆರಡು ವಾರ ಬರೆದರೆ ಬೇರೆಯದೇ ಚಿತ್ರ ಕಾಣಬಹುದು. ಮುಂಚೆಯೇ ಬಿಸ್ಕತ್ತು ತಿಂದ ದಿನವೂ ಅವನು ತಲೆ ಚಚ್ಚಿಕೊಂಡಿದ್ದಾನೆ. ಅಪ್ಪ ಡೇರಿಗೆ ಹೋದ ದಿನ ಸುಮ್ಮನಿದ್ದಾನೆ. ಅಮ್ಮ ಜೊತೆಗೆ ಕರೆದುಕೊಂಡು ಹೋದ ದಿನ ನಗುನಗುತ್ತಾ ನಡೆದಿದ್ದಾನೆ. ಅಂದರೆ ಅವನಿಗೆ ಬೇಕಾಗಿದ್ದುದು ಅಮ್ಮನ ಜೊತೆ ಹೋಗುವುದು. ಅದನ್ನು ಕೇಳುವ ದಾರಿ ಅವನಿಗೆ ಗೊತ್ತಿರಲಿಲ್ಲ.

ಆಗ ಚಿಕಿತ್ಸೆಯೂ ಬದಲಾಗುತ್ತದೆ. ಹಾಲಿನ ಕ್ಯಾನಿನ ಒಂದು ಚಿತ್ರ ಕೈಗೆ ಕೊಟ್ಟು, ಅಮ್ಮ ಹೊರಡುವ ಹೊತ್ತಿಗೆ ಅದನ್ನು ಅವಳಿಗೆ ಕೊಡುವುದನ್ನು ಅವನಿಗೆ ಕಲಿಸುತ್ತಾರೆ. ಶುರುವಿನಲ್ಲಿ ಅವನು ಚಿತ್ರ ಕೊಟ್ಟಾಗಲೆಲ್ಲ ಅಮ್ಮ ಕರೆದುಕೊಂಡು ಹೋಗಲೇಬೇಕು. ಕೇಳಿದರೆ ಸಿಗುತ್ತದೆ ಎಂಬ ನಂಬಿಕೆ ಗಟ್ಟಿಯಾದ ಮೇಲೆ, ಸ್ವಲ್ಪ ಸ್ವಲ್ಪವೇ ಕಾಯುವುದನ್ನು ಕಲಿಸಬಹುದು. ಈ ಕ್ರಮವನ್ನು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯೂರಾಂಡ್ 1985ರಲ್ಲಿ ಪ್ರಕಟಿಸಿದರು. ಮಗುವನ್ನು ಗದರಿ ಸುಮ್ಮನಾಗಿಸುವುದಕ್ಕೂ ಇದಕ್ಕೂ ಇರುವ ಅಂತರ ನೋಡಿ. ಎಬಿಎ ಎಂಬ ಹೆಸರು ಹೊತ್ತ ಎಲ್ಲ ಕೇಂದ್ರಗಳಲ್ಲೂ ಈ ತಾಳ್ಮೆ ಇರುವುದಿಲ್ಲ.

ಇನ್ನು ಬದಲಾವಣೆಯ ವಿಷಯ. ಆಟಿಸಂ ಮತ್ತು ಎಬಿಎ ಹೆಸರು ಜೊತೆಯಾಗಿದ್ದಕ್ಕೆ ಮುಖ್ಯ ಕಾರಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐವಾರ್ ಲೋವಾಸ್. ಅವರು 1987ರಲ್ಲಿ 19 ಪುಟ್ಟ ಮಕ್ಕಳ ಮೇಲಿನ ಅಧ್ಯಯನವೊಂದನ್ನು ಪ್ರಕಟಿಸಿದರು. ವಾರಕ್ಕೆ 40 ಗಂಟೆಯಂತೆ ಎರಡು ವರ್ಷ ಅಥವಾ ಹೆಚ್ಚು ಕಾಲ ತರಬೇತಿ ಪಡೆದ ಆ ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಮಟ್ಟ ಮುಟ್ಟಿದರು ಎಂದು ಅದು ಹೇಳಿತು. ಜಗತ್ತಿನ ತಂದೆತಾಯಿಯರು ಆ ಅಂಕಿಯನ್ನು ಹಿಡಿದುಕೊಂಡರು. ಅದೇ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಗಟ್ಟಿಯಾಗಿ ‘ನೋ’ ಎಂದು ಗದರುವುದೂ ತೊಡೆಗೆ ಏಟು ಕೊಡುವುದೂ ಇತ್ತು ಎನ್ನುವುದನ್ನು ಹೇಳಿದವರು ಕಡಿಮೆ.

ಹೀಗೆ ತರಬೇತಿ ಪಡೆದ ಮಕ್ಕಳು ದೊಡ್ಡವರಾಗಿ ಮಾತಾಡತೊಡಗಿದಾಗ ಕ್ಷೇತ್ರಕ್ಕೆ ಬಿಸಿ ಮುಟ್ಟಿತು. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಬಲವಂತ ಮಾಡಿದ್ದು ಹಿಂಸೆಯಾಗಿತ್ತು ಎಂದರು. ಕೈ ಬೀಸುವುದು, ಮೈ ತೂಗಿಕೊಳ್ಳುವುದು ತಮಗೆ ನೆಮ್ಮದಿ ಕೊಡುತ್ತಿತ್ತು, ಅದನ್ನು ಕಿತ್ತುಕೊಂಡರು ಎಂದರು. ಅವರ ಮಾತನ್ನು ಈಗ ತಳ್ಳಿಹಾಕುವಂತಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಸಂಸ್ಥೆಯಲ್ಲಿ ನಡವಳಿಕೆ ತಿದ್ದಲು ಚರ್ಮಕ್ಕೆ ವಿದ್ಯುತ್ ಶಾಕ್ ಕೊಡುತ್ತಿದ್ದುದನ್ನು ವರ್ತನಾ ವಿಶ್ಲೇಷಕರ ಅಂತರರಾಷ್ಟ್ರೀಯ ಸಂಘ ಅಧಿಕೃತವಾಗಿ ವಿರೋಧಿಸಿದ್ದು 2022ರಲ್ಲಿ. ಅಷ್ಟು ತಡವಾಗಿದ್ದು ಆ ಸಂಘಕ್ಕೆ ಗೌರವ ತರುವ ಸಂಗತಿಯಲ್ಲ.

ಇವತ್ತಿನ ತರಬೇತಿ ಶಿಬಿರಗಳಲ್ಲಿ ಬಿಸಿಬಿಸಿ ಚರ್ಚೆಯಾಗುವುದು ಇಂಥವೇ. ಒಂದು, ಮಗುವಿನ ಸಮ್ಮತಿ. ತಂದೆತಾಯಿ ಸಹಿ ಹಾಕಿದರೆ ಸಾಲದು. ಮಾತು ಬಾರದ ಮಗು ಮುಖ ತಿರುಗಿಸಿದರೆ, ಮೇಜಿನಿಂದ ಜಾರಿಕೊಂಡರೆ, ಅದೂ ‘ಬೇಡ’ ಎಂಬ ಮಾತೇ, ಅಲ್ಲಿಗೆ ನಿಲ್ಲಿಸಿ ಯೋಚಿಸಬೇಕು ಎನ್ನುವ ನಿಲುವು ಬಲವಾಗುತ್ತಿದೆ. ಮತ್ತೊಂದು, ಮೊದಲೇ ನೊಂದ ಮಗುವಿನ ಭಯವನ್ನು ಗಮನದಲ್ಲಿಟ್ಟು ಕೆಲಸ ಮಾಡುವುದು. ಈ ಬಗ್ಗೆ 2020ರ ನಂತರ ಗಂಭೀರ ಲೇಖನಗಳು ಬಂದಿವೆ. ಇನ್ನೊಂದು, ಮೇಜು ಕುರ್ಚಿ ಬಿಟ್ಟು ಆಟದ ನಡುವೆ, ಊಟದ ನಡುವೆ ಕಲಿಸುವ ಸಹಜ ವಿಧಾನಗಳು.

ಗಂಟೆಗಳ ಲೆಕ್ಕದ ಬಗ್ಗೆಯೂ ಹಳೆಯ ಧೈರ್ಯ ಉಳಿದಿಲ್ಲ. ಎಳೆಯ ಮಕ್ಕಳಿಗೆ ಕೊಡುವ ತೀವ್ರ ವರ್ತನಾ ತರಬೇತಿಯ ಕುರಿತು ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಮಾಡಿದ ವಿಮರ್ಶೆಗೆ ದಕ್ಕಿದ್ದು ಐದು ಅಧ್ಯಯನ, ಒಟ್ಟು 219 ಮಕ್ಕಳು. ಪ್ರಯೋಜನವಾಗುವ ಸೂಚನೆಗಳಿವೆ, ಆದರೆ ಪುರಾವೆ ದುರ್ಬಲ ಎಂಬುದು ಅದರ ತೀರ್ಮಾನ. ಆದ್ದರಿಂದ ‘ವಾರಕ್ಕೆ 40 ಗಂಟೆ ಕೊಡಿಸದಿದ್ದರೆ ಮಗು ಕೈತಪ್ಪಿತು’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ. ಒಡವೆ ಅಡವಿಟ್ಟು, ಜಮೀನು ಮಾರಿ ಗಂಟೆಗಳನ್ನು ಕೊಂಡುಕೊಳ್ಳುವಷ್ಟು ಆಧಾರ ಆ ಲೆಕ್ಕಕ್ಕಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು, ತಾಯಂದಿರು ಮಗುವಿನ ಜೊತೆ ಆಡುವುದರ ವಿಡಿಯೋ ತೆಗೆದು ತೋರಿಸುತ್ತಾ ತರಬೇತಿ ಕೊಟ್ಟರು. ಮಕ್ಕಳು ತಾವಾಗಿಯೇ ತಂದೆತಾಯಿಯ ಗಮನ ಸೆಳೆದು ಒಡನಾಡುವುದು ಹೆಚ್ಚಿತು. ಅದು ಎಬಿಎ ಅಲ್ಲ. ಆದರೆ ಮನೆಯವರು ಕಲಿತರೆ ಎಷ್ಟು ಕೆಲಸವಾಗುತ್ತದೆ ಎನ್ನುವುದಕ್ಕೆ ನಮ್ಮ ನೆಲದ ಪುರಾವೆ.

ಅರ್ಹತೆಯ ಪ್ರಶ್ನೆ ಸ್ವಲ್ಪ ಗೋಜಲು. ಈ ಕ್ಷೇತ್ರದಲ್ಲಿ ಹೆಚ್ಚು ಹೆಸರಿರುವ ಪ್ರಮಾಣಪತ್ರ ‘ಬಿಸಿಬಿಎ’ (ಬೋರ್ಡ್ ಸರ್ಟಿಫೈಡ್ ಬಿಹೇವಿಯರ್ ಅನಲಿಸ್ಟ್). ಅದನ್ನು ಕೊಡುವ ಮಂಡಳಿ ಅಮೆರಿಕದ್ದು, ಶುರುವಾಗಿದ್ದು 1998ರಲ್ಲಿ. ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ ಅನುಭವ, ಪರೀಕ್ಷೆ ಎಲ್ಲ ಬೇಕು. ಪಡೆದ ಮೇಲೂ ಪ್ರತಿ ಎರಡು ವರ್ಷಕ್ಕೆ 32 ಮುಂದುವರಿಕೆ ಶಿಕ್ಷಣದ ಅಂಕ ಗಳಿಸಬೇಕು. ಅದರಲ್ಲಿ 4 ವೃತ್ತಿನೀತಿಗೆ ಸಂಬಂಧಿಸಿದವೇ ಆಗಿರಬೇಕು. ಮೇಡಂ ಹೋಗಿದ್ದು ಇಂಥ ಶಿಬಿರಕ್ಕೇ ಇರಬಹುದು. ಆದರೆ 2023ರ ಜನವರಿಯಿಂದ ಆ ಮಂಡಳಿ ಭಾರತದಲ್ಲಿ ಇರುವವರಿಗೆ ಹೊಸದಾಗಿ ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಿದೆ. ಮುಂಚೆ ಪಡೆದವರು ನವೀಕರಿಸಿಕೊಳ್ಳಬಹುದು. ಇತ್ತೀಚೆಗೆ ಓದಿದವರು ಬೇರೆ ಅಂತರರಾಷ್ಟ್ರೀಯ ಸಂಸ್ಥೆಗಳ ಪ್ರಮಾಣಪತ್ರ ಹಿಡಿದಿರುತ್ತಾರೆ. 40 ಗಂಟೆಯ ಆನ್‌ಲೈನ್ ಕೋರ್ಸ್ ಮುಗಿಸಿ ‘ಎಬಿಎ ಥೆರಪಿಸ್ಟ್’ ಎಂದು ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಆ 40 ಗಂಟೆ ಸಹಾಯಕರಿಗೆ ಕೊಡುವ ಆರಂಭದ ಪಾಠ ಮಾತ್ರ, ಅದರ ಬಲದಲ್ಲಿ ಯಾರೂ ಒಬ್ಬರೇ ಮಗುವಿನ ಕಾರ್ಯಕ್ರಮ ರೂಪಿಸುವಂತಿಲ್ಲ.

ನಮ್ಮ ದೇಶದ ಕಾನೂನಿನ ಮಾತು ಬೇರೆ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, 1992ರ ಕಾಯ್ದೆಯಿಂದ ಬಂದದ್ದು. ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ವಾಕ್ ಚಿಕಿತ್ಸಕರು ಅಲ್ಲಿನ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ನೋಂದಾಯಿಸಿ ಸಿಆರ್‌ಆರ್ ನಂಬರ್ ಪಡೆಯಬೇಕು. ನವೀಕರಣಕ್ಕೆ ಅವರಿಗೂ ಮುಂದುವರಿಕೆ ಶಿಕ್ಷಣದ ‘ಸಿಆರ್‌ಇ’ ಅಂಕ ಬೇಕು. ವರ್ತನಾ ವಿಶ್ಲೇಷಕ ಎಂಬ ವರ್ಗ ಆ ಕಾಯ್ದೆಯ ಪಟ್ಟಿಯಲ್ಲಿ ಇರಲಿಲ್ಲ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯ ಅನುಸೂಚಿಯಲ್ಲಿ ಅದು ಸೇರಿದೆ. ಆದ್ದರಿಂದ ನನ್ನ ಸಲಹೆ ಇಷ್ಟು: ಮಗುವನ್ನು ನೋಡುವ ತಂಡದಲ್ಲಿ ಸಿಆರ್‌ಆರ್ ನಂಬರ್ ಇರುವವರು ಒಬ್ಬರಾದರೂ ಇರಲಿ. ಅದು ನಿಜವೇ ಎಂದು ಆರ್‌ಸಿಐ ಜಾಲತಾಣದಲ್ಲಿ, ಬಿಸಿಬಿಎ ಎಂದರೆ ಆ ಮಂಡಳಿಯ ಜಾಲತಾಣದಲ್ಲಿ ಹೆಸರು ಹಾಕಿ ಯಾರು ಬೇಕಾದರೂ ನೋಡಬಹುದು. ಮೊಬೈಲ್ ಇದ್ದರೆ ಸಾಕು.

ಆದರೆ ಕಾಗದಕ್ಕಿಂತ ದೊಡ್ಡ ಪರೀಕ್ಷೆ ಕೋಣೆಯೊಳಗಿದೆ. ಅದರಲ್ಲೂ ನಮ್ಮ ಕಡೆ ನಾನು ಮೊದಲು ನೋಡುವುದು ಭಾಷೆಯನ್ನು. ತರಬೇತಿಯೆಲ್ಲ ಇಂಗ್ಲಿಷಿನಲ್ಲಿ, ಚಿತ್ರಕಾರ್ಡುಗಳು ಇಂಗ್ಲಿಷಿನಲ್ಲಿ, ಹಾಗಾಗಿ ಕೇಂದ್ರದಲ್ಲಿ ಮಗುವಿಗೆ ‘ಗಿವ್ ಮಿ’, ‘ಸಿಟ್ ಡೌನ್’, ‘ವಾಟರ್’. ಮನೆಗೆ ಬಂದರೆ ಅಜ್ಜಿ ‘ನೀರು ಬೇಕೇನೋ ಮಗ’ ಎನ್ನುತ್ತಾರೆ. ಒಂದೊಂದು ಪದಕ್ಕೂ ತಿಂಗಳುಗಟ್ಟಲೆ ಶ್ರಮಪಡುವ ಮಗುವಿಗೆ ಇದು ದೊಡ್ಡ ಅನ್ಯಾಯ. ಅಜ್ಜಿಗೆ, ಅಂಗನವಾಡಿ ಟೀಚರಿಗೆ, ಪಕ್ಕದ ಮನೆ ಹುಡುಗರಿಗೆ ಅರ್ಥವಾಗದ ಪದವನ್ನು ಅವನು ಯಾರ ಹತ್ತಿರ ಬಳಸಬೇಕು? ಮನೆಮಾತಿನಲ್ಲೇ ಕಲಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಇಂಗ್ಲಿಷ್ ಕಲಿತರೆ ಮುಂದೆ ಶಾಲೆಗೆ ಅನುಕೂಲ ಎಂಬ ಸಮಾಧಾನಕ್ಕೆ ಒಪ್ಪಬೇಡಿ.

ಬಾಗಿಲು ಹಾಕಿಕೊಂಡು, ತಂದೆತಾಯಿ ಒಳಗೆ ಬರಬಾರದು ಎನ್ನುವ ಕಡೆಯಿಂದ ಮಗುವನ್ನು ಕರೆತನ್ನಿ. ‘ಪೂರ್ತಿ ಗುಣ ಮಾಡುತ್ತೇವೆ’ ಎನ್ನುವವರಿಂದಲೂ ದೂರವಿರಿ. ಆಟಿಸಂ ರೋಗವಲ್ಲ, ಮಗು ಬೆಳೆಯುವ ರೀತಿಯೇ ಬೇರೆ. ಅಳುತ್ತಿರುವ ಮಗುವನ್ನು ಅದುಮಿ ಕೂರಿಸಿ ಪಾಠ ಮುಂದುವರಿಸುವುದನ್ನು ಕಂಡರೆ ಅಲ್ಲೇ ಪ್ರಶ್ನಿಸಿ.

ತುಮಕೂರಿಗೆ ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಹೋಗಿಬರುವುದು ಹಣಕ್ಕೂ ಮಗುವಿಗೂ ಭಾರವೇ. ಹತ್ತಿರದ ಸೌಲಭ್ಯಗಳನ್ನೂ ಕೇಳಿ ನೋಡಿ. ತಾಲ್ಲೂಕು ಮಟ್ಟದಲ್ಲಿ ಶಿಕ್ಷಣ ಇಲಾಖೆಯ ಬಿಐಇಆರ್‌ಟಿ ಶಿಕ್ಷಕರು ವಿಶೇಷ ಮಕ್ಕಳಿಗಾಗಿಯೇ ಇದ್ದಾರೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಗೆ ನೆರವಾಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಆಟಿಸಂ ಇದೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ, ಅದರಲ್ಲಿ ಥೆರಪಿ ವೆಚ್ಚಕ್ಕೂ ಒಂದು ಪಾಲಿದೆ. ಮಗುವಿನ ಮೌಲ್ಯಮಾಪನದ ಬಗ್ಗೆ ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ತೋರಿಸಿ.

ಮುಂದಿನ ಸಲ ಹೋದಾಗ ನಿಮ್ಮ ಅಕ್ಕ ಮೇಡಂ ಅವರನ್ನು ಸಂಕೋಚವಿಲ್ಲದೆ ಕೇಳಲಿ: ‘ತರಬೇತಿಯಲ್ಲಿ ಏನು ಕಲಿತು ಬಂದಿರಿ, ಅದರಿಂದ ನಮ್ಮ ಹುಡುಗನ ಪಾಠದಲ್ಲಿ ಏನು ಬದಲಾಯಿತು, ಮನೆಯಲ್ಲಿ ನಾನೇನು ಮಾಡಬೇಕು?’ ಸಂತೋಷದಿಂದ ಕೂತು ವಿವರಿಸಿದರೆ ಅವರನ್ನು ಬಿಡಬೇಡಿ.